ಬಲಗಡೆಯ ಕುರ್ಚಿ

ಹೊಳೆ ಬಸ್‌ಸ್ಟಾಪಿನ ಹಿಂದಿನ ಅವಲಕ್ಕಿ ಮಿಲ್ಲು.
ಮೆಷಿನ್ನು ಕಳಚಿ ಗುಜರಿಗೆ ಹಾಕಿ ಎರಡು ವರ್ಷ.
ಸುಣ್ಣ ಬಳಿದರೂ ಗೋಡೆಯ ಬಿರುಕಿನಿಂದ
ಇನ್ನೂ ತೌಡು ಉದುರುತ್ತದೆ.
ನಾಳೆ ಇಲ್ಲಿ ಕೇಂದ್ರದ ಉದ್ಘಾಟನೆ, ಕೆರಿಯಪ್ಪ ಮೇಷ್ಟ್ರೇ,
ನಿಮ್ಮ ಹೆಸರಿನದು.

ಬೋರ್ಡಿಗೆ ಏನು ಬರೆಯೋದು ಅಂತ
ಪೇಂಟರ್ ಬಾಬಾಜಾನ್ ಮೂರು ದಿನದಿಂದ ಕೂತಿದ್ದಾನೆ.
'ಸಂಸ್ಕೃತಿ ಸಂವಾದ ಕೇಂದ್ರ' ಅಂದರು ವಕೀಲ ನಾಡಿಗರು.
ಇಷ್ಟೊಂದು ಸೊನ್ನೆ, ಇಷ್ಟೊಂದು ಒತ್ತು,
ಅಡಿ ಲೆಕ್ಕದಲ್ಲಿ ದುಬಾರಿ ಸಾರ್, ಅಂದ ಇವನು.
'ಮಾತಿನ ಮನೆ ಅನ್ನಿ ಸಾಕು' ಅಂದಳು ಫಿಲೋಮಿನಾ.
ಸಂಸ್ಕೃತಿ ಅಂದರೆ ಯಾರದ್ದು ಎಂದು ಯಾರೋ ಶುರುಮಾಡಿದ್ದು
ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ.
ಚಹಾ ಮೂರು ಸಲ ಬಂತು. ಇಬ್ಬರು ಎದ್ದು ಹೋದರು.
ಒಬ್ಬರು ಚಪ್ಪಲಿ ಮರೆತಿದ್ದರಿಂದ ಮತ್ತೆ ಬಂದರು,
ಬಂದವರು ಕೂತರು.

ನಿಮ್ಮ ಎಡಗಿವಿ ಕೇಳುತ್ತಿರಲಿಲ್ಲ.
ಸೊರಬದ ಶಾಲೆಯಲ್ಲಿ, ಏಳನೇ ವಯಸ್ಸಿಗೆ,
ಒಂದು ಪ್ರಶ್ನೆಗೆ ಸಿಕ್ಕ ಉತ್ತರ ಅದು ಅಂತ
ನಗುತ್ತ ಒಮ್ಮೆ ಹೇಳಿದ್ದಿರಿ.
ಪ್ರಶ್ನೆ ಯಾವುದೆಂದು ನಾನು ಕೇಳಲೇ ಇಲ್ಲ.

ಅದಕ್ಕೇ ಶನಿವಾರ ಸಂಜೆ, ದುರ್ಗಿಗುಡಿಯ ಬಾಡಿಗೆ ಕೋಣೆಯಲ್ಲಿ
ಹೊಗಳುವವರಿಗೆಲ್ಲ ಎಡಗಡೆ ಚಾಪೆ,
ಒಪ್ಪದವರಿಗೆ ಬಲಗಡೆ ಕುರ್ಚಿ. ಇದ್ದದ್ದೇ ಒಂದು.
ಎಡ ಬಲ ಎಂದರೆ ನಮಗಾಗ ಕಿವಿಯ ಲೆಕ್ಕವಷ್ಟೆ.
ಆ ಕುರ್ಚಿಗೇರಲು ನನಗೆ ಎಂಟು ತಿಂಗಳು ಬೇಕಾಯಿತು.
ಏರಿ ಏನೇನೋ ಅರಚಿದೆ. ನೀವು ತಲೆ ವಾಲಿಸಿ ಕೇಳಿ,
ನನ್ನದೇ ಮಾತನ್ನು ನನಗಿಂತ ಚೆನ್ನಾಗಿ ಹೇಳಿ,
'ಇದೇ ಅಲ್ವೇನಮ್ಮ ನೀನಂದದ್ದು?' ಎಂದಿರಿ.
ಹೌದು ಅನ್ನುವಷ್ಟರಲ್ಲಿ
ಅದರ ತಪ್ಪು ನನಗೇ ಕಂಡಿತ್ತು.

ಸಮಿತಿ ನಿಮ್ಮ ಫೋಟೋ ದೊಡ್ಡದು ಮಾಡಿಸಿದೆ.
ಗಂಧದ ಹಾರ, ಹಿತ್ತಾಳೆ ದೀಪ, ಅತಿಥಿಗಳಿಗೆ ಶಾಲು.
ನಾಳೆ ಎಲ್ಲರೂ ಹೊಗಳುತ್ತಾರೆ.
ನಿಮಗೆ ಕೇಳಿಸುವುದಿಲ್ಲ ಬಿಡಿ.

ಇವತ್ತು ಬೆಳಗ್ಗೆ ಬೇಗ ಬಂದು
ತುಕ್ಕು ಉಜ್ಜಿದ ಆ ಕುರ್ಚಿ ಹಾಕಲು ಹೋದೆ.
ಫೋಟೋದಲ್ಲಿರುವವರ ಬಲ ನೋಡುವವರ ಎಡ;
ಎರಡು ಸಲ ತಪ್ಪಿ ಎತ್ತಿಟ್ಟೆ.
ಏಣಿಯ ಮೇಲಿಂದ ಬಾಬಾಜಾನ್ ಇಣುಕಿದ:
'ಅಲ್ಲಿ ಬೇಡ ಅಕ್ಕ, ಓಡಾಡೋರಿಗೆ ಅಡ್ಡ.'
ಕೆಳಗಿಳಿಸಿ ಅವನನ್ನೇ ಅದರ ಮೇಲೆ ಕೂರಿಸಿದೆ.
'ಹೇಳು, ಯಾಕೆ ಅಡ್ಡ?'

ಅವನು ಬ್ರಷ್ಷನ್ನು ಕಿವಿಗೆ ಸಿಕ್ಕಿಸಿ ಶುರುಮಾಡಿದ.
ಬೋರ್ಡು ಇನ್ನೂ ಖಾಲಿ.