ಬಿದಿರಿನ ಬೆವರು

ಮಸ್ಕಿಯ ಗುಡ್ಡದ ಕೆಳಗೆ, ಮೇದಾರ ಓಣಿಯಲ್ಲಿ
ಯಂಕೋಬಜ್ಜ ಗೆಣ್ಣು ನೋಡಿ ಬಿದಿರು ಸೀಳುತ್ತಾನೆ.
ನಾನು ಪರೀಕ್ಷೆಗೆ ಜೋರಾಗಿ ಓದುತ್ತೇನೆ:
ಚೀನಾ ದೇಶ. ಕನ್ಫ್ಯೂಷಿಯಸನ ಮಾರ್ಗದವರು. ವಿಧಿಗ್ರಂಥಗಳು.
ಹತ್ತು ಅಂಕದ ಪ್ರಶ್ನೆ, ಹೋದ ವರ್ಷವೂ ಬಂದಿತ್ತು.

ಮನೆಯಾತ ಮೂಡಣ ಮೆಟ್ಟಿಲು ಹತ್ತಬೇಕು,
ಬಂದಾತ ಪಡುವಣದ್ದು.
ಉಸಿರು ನಿಂತೊಡನೆ ಸತ್ತವರ ಅಂಗಿ ಹಿಡಿದು
ಮಾಳಿಗೆ ಏರಿ, ಬಡಗಣಕ್ಕೆ ಮುಖ ಮಾಡಿ
ಮೂರು ಸಲ ಕೂಗಿ ಕರೆಯಬೇಕು: ಬಾ.
ಬರದಿದ್ದರೆ ಮಾತ್ರ ಮುಂದಿನ ಕೆಲಸ.

ಅಜ್ಜ ಕತ್ತಿ ನಿಲ್ಲಿಸಿದ.
"ಇದನ್ನೆಲ್ಲ ಯಾತರ ಮ್ಯಾಲ ಬರದಿದ್ರು?"
ಬಿದಿರಿನ ಪಟ್ಟಿ ಮೇಲೆ, ಅಜ್ಜ. ದಾರದಿಂದ ಹೆಣೆದು.
"ಹಸೀದೋ, ಕಾಸಿದ್ದೋ?"

ಪುಟ ತಿರುವಿದೆ. ಅಷ್ಟರಲ್ಲಿ ಅವನೇ ಅಂದ:
"ಹಸೀ ಬಿದಿರಿಗೆ ಹುಳ ಹತ್ತತೈತಿ. ಬೆಂಕಿಗೆ ಹಿಡಿದು
ಬೆವರು ಇಳಿಸಿರಬೇಕು. ಇಲ್ಲಂದ್ರ ಎರಡು ಮಳಿಗಾಲ ಬಾಳೂದಿಲ್ಲ."
ಅಡಿಟಿಪ್ಪಣಿಯಲ್ಲಿತ್ತು, ಪರೀಕ್ಷೆಗೆ ಬಾರದ ಸಣ್ಣ ಅಕ್ಷರದಲ್ಲಿ,
ಬೆವರು ಎಂಬ ಅದೇ ಮಾತು.

ಒಬ್ಬ ದೊರೆ ಅವನ್ನು ಸುಡಿಸಿದ.
ನಮ್ಮ ಗುಡ್ಡದ ಬಂಡೆಗೆ ಇನ್ನೊಬ್ಬ ದೊರೆ ಬರೆಸಿ
ಆಗ ಐವತ್ತು ವರ್ಷವೂ ಆಗಿರಲಿಲ್ಲ.
ಬಂಡೆಗೆ ಈಗ ಕಬ್ಬಿಣದ ಬಾಗಿಲು, ಬೀಗ.
ಅಲ್ಲಿ ಉಳಿದದ್ದು ಬಾಯಿಪಾಠದ ಮುದುಕರು:
ಎಲ್ಲಿ ನಿಲ್ಲಬೇಕು, ಯಾವ ಕೈ ಮುಂದೆ,
ನಡುಗುತ್ತ ಹೇಳಿ ಬರೆಸಿದರು.
ಎರಡು ಸಾವಿರ ವರ್ಷ ಆಸ್ಥಾನಗಳು ಆ ನಡುಕಕ್ಕೆ ಬಾಗಿದವು.
ಕೆಲವು ಕಟ್ಟು ಗೋಡೆಯೊಳಗೆ ಸಿಕ್ಕವಂತೆ,
ದಾರ ಕೊಳೆತ ಕಟ್ಟುಗಳಲ್ಲಿ ಪಟ್ಟಿ ಕಲೆಸಿ
ಮದುವೆಯ ಸಾಲಿನ ಪಕ್ಕ ಮಣ್ಣು ಕೊಡುವ ಸಾಲು.

"ದಾರದ ತಪ್ಪು. ಬಿದಿರಿಂದಲ್ಲ," ಅಂದ ಅಜ್ಜ.

ಸೀಳಿದವನ ಹೆಸರು ಹುಡುಕಿದೆ.
ಪಂಡಿತರಿಗೆ ಒಂದು ಪುಟ, ಟೀಕಾಕಾರರಿಗೆ ಎರಡು.
ಅವನ ಮನೆಗೆ ಬಂದವರು ಯಾವ ಮೆಟ್ಟಿಲು ಹತ್ತಿದರು,
ಮೆಟ್ಟಿಲು ಇತ್ತೇ,
ಯಾರೂ ಬರೆದಿಲ್ಲ.

ಈ ಊರಲ್ಲಿ ನಮ್ಮ ಮೊರವಿಲ್ಲದೆ ಮದುವೆ ಆಗಿಲ್ಲ.
ಅರಿಶಿಣ ಬಳಿದ ಮೊರ ದೇವರ ಕೋಣೆ ತನಕ ಹೋಗುತ್ತದೆ,
ಅಜ್ಜ ಅಂಗಳದಲ್ಲೇ ನಿಂತು ಎರಡೂ ಕೈಲಿ
ಅಕ್ಕಿ, ಬೆಲ್ಲ, ರೊಕ್ಕ ಇಸಕೊಳ್ಳುತ್ತಾನೆ.
ಸಿದಿಗಿಯ ಬಿದಿರಿಗೆ ಮಾತ್ರ ಚೌಕಾಸಿ ಇಲ್ಲ,
ಕೊಟ್ಟಷ್ಟು. ಎಣಿಸಬಾರದು, ಮುಖ ನೋಡಬಾರದು.
ಎಲ್ಲಿ ಬರದೈತಿ ಅಂತ ಕೇಳಿದ್ದೆ, ಸಣ್ಣಾಕಿ ಇದ್ದಾಗ.
ಕೇಳಿಸದವನಂತೆ ಗೆಣ್ಣು ಹೆರೆದಿದ್ದ.

ಕರೆಂಟು ಹೋಯಿತು. ಪುಸ್ತಕ ಮುಚ್ಚಿದೆ.
ಕತ್ತಲಲ್ಲಿ ಕೇಳಿದ:
"ಮಾಳಿಗಿ ಹತ್ತಿ ಕರೀತಿದ್ರಲ್ಲ, ಯಾ ದಿಕ್ಕಿಗೆ?"
ಬಡಗಣಕ್ಕ, ಅಜ್ಜ.
"ಮೂರು ಸಲ?"
ಹೂಂ.
"ಸಂಜೀವಿ ಹ್ವಾದಾಗ ನಾ ಸಿದಿಗಿ ಕಟ್ಟಾಕ ಕುಂತಿದ್ದೆ.
ನನ್ನಷ್ಟು ಬಿಗಿ ಯಾರೂ ಕಟ್ಟೂದಿಲ್ಲ ಅಂತ.
ಕರೀಲಿಲ್ಲ."

ಕತ್ತಿ ಎತ್ತಿದ ಸಪ್ಪಳ.
ಬಹಳ ಹೊತ್ತು, ಬಿದಿರು ಸೀಳಿದ ಸಪ್ಪಳ ಬರಲಿಲ್ಲ.