ಮರಿಗಳ ಊಟದ ಬಾಬ್ತು

ನಾನು, ಮರುಳಸಿದ್ದಯ್ಯ ಬಿನ್ ಲೇಟ್ ಪರ್ವತಯ್ಯ,
ಐವತ್ತೆಂಟು ವರ್ಷ, ಬೆರಳಚ್ಚು ಕಸುಬು,
ಶಿವಮೊಗ್ಗ ಕೋರ್ಟಿನೆದುರು ಬೇವಿನ ಮರದ ಬುಡದಲ್ಲಿ ವಾಸ,
ವಾಸವಲ್ಲ, ತಪ್ಪಾಯಿತು, ಹತ್ತರಿಂದ ಆರರವರೆಗೆ ಮಾತ್ರ,
ಸತ್ಯಪ್ರಮಾಣವಾಗಿ ಹೇಳುವುದೇನೆಂದರೆ:

ಕಾರ್ಬನ್ ಹಾಳೆ ತುಂಬುವ ರಟ್ಟಿನ ಪೆಟ್ಟಿಗೆಯೊಳಗೆ
ಹೋದ ಯುಗಾದಿಯ ಮಾರನೆಯ ದಿನ
ಬೂದು ಬೆಕ್ಕೊಂದು ನಾಲ್ಕು ಮರಿ ಹಾಕಿತು.
ಇಪ್ಪತ್ತೈದನೇ ದಿನ ತಾಯಿ ಬರಲಿಲ್ಲ.
ಬಿ.ಹೆಚ್. ರಸ್ತೆ ಬಲು ಅಗಲ. ಅಷ್ಟೇ ಗೊತ್ತು.

ಹಾಲು ತಂದೆ. ಯಾರಾದರೂ ಅದನ್ನೇ ತರುತ್ತಿದ್ದರು.
ಕಣ್ಣು ಮುಚ್ಚಿ ಕುಡಿಯುವ ಬೆಕ್ಕನ್ನು
ಬೈಯುವುದಕ್ಕಾದರೂ ನಮ್ಮ ಗಾದೆ
ಅದರ ಮುಂದೆ ಹಾಲನ್ನೇ ಇಟ್ಟಿದೆ.
ಹಸುವಿನ ಹಾಲು, ಗಟ್ಟಿ, ಒಂದು ಚಿಟಿಕೆ ಸಕ್ಕರೆ ಸಹಿತ,
ಇಂಕ್ ಫಿಲ್ಲರಿನಲ್ಲಿ ಹನಿ ಹನಿ.
ಕುಡಿದವು. ಎಷ್ಟು ಆಸೆಯಿಂದ ಕುಡಿದವು!
ಮೂರು ದಿನ ಭೇದಿ.
ನಾಲ್ಕರಲ್ಲಿ ಒಂದು, ಕಿವಿ ಮಡಚಿಕೊಂಡಿದ್ದದ್ದು,
ಶನಿವಾರ ಒಂದು ಕ್ರಯಪತ್ರದ ಎರಡನೇ ಪುಟದ ಹೊತ್ತಿಗೆ
ತಣ್ಣಗಾಯಿತು.
ಚಕ್ಕುಬಂದಿ ಬರೆಯುತ್ತಿದ್ದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ.
ಉತ್ತರಕ್ಕೆ ಏನೆಂದು ಕಕ್ಷಿದಾರ ಮೂರು ಸಲ ಹೇಳಬೇಕಾಯಿತು.

ಪಶು ಆಸ್ಪತ್ರೆಯ ಇನಾಸಪ್ಪ ಬೈಯಲಿಲ್ಲ, ಅದೇ ಕಷ್ಟ.
"ಕರುವಿನ ಹಾಲು ಕರುವಿಗೆ ಸ್ವಾಮಿ," ಎಂದ.
ಮರಿಗೆಂದೇ ಬರುವ ಹಾಲಿನ ಪುಡಿಯ ಹೆಸರು ಚೀಟಿಯಲ್ಲಿ ಬರೆದ.
ವಾರ ಕಳೆದ ಮೇಲೆ ಮೆತ್ತಗೆ ಮಾಂಸ ಹಚ್ಚಿ,
ಮೊಸರನ್ನ ತಿಂದು ಬದುಕಲಿಕ್ಕೆ
ಅದು ನಿಮ್ಮ ಮಠದ ಪ್ರಾಣಿಯಲ್ಲ ಎಂದ.

ಅಂಗಡಿಯಲ್ಲಿ ಪೊಟ್ಟಣಗಳದೇ ಒಂದು ಗೋಡೆ.
ಪ್ರತಿಯೊಂದರ ಮೇಲೂ ಉಂಡು ತೇಗಿದ ಮುಖದ ಬೆಕ್ಕು.
ಸಣ್ಣಕ್ಷರ ಓದುವುದು ನನ್ನ ಹೊಟ್ಟೆಪಾಡು; ಕನ್ನಡಕ ಏರಿಸಿದೆ.
ಒಂದರಲ್ಲಿ ಎದುರಿಗೆ ಮೀನಿನ ಚಿತ್ರ, ಹಿಂದೆ ಮೊದಲ ಹೆಸರು ಜೋಳ.
ಶೀರ್ಷಿಕೆಗೂ ಷರತ್ತಿಗೂ ತಾಳೆಯಿಲ್ಲ ಎನ್ನುತ್ತೇವೆ ನಮ್ಮಲ್ಲಿ.
ಇನ್ನೊಂದು ವರ್ಷ ತುಂಬಿದವಕ್ಕೆ.
ಮರಿಗಳದು ಬೇರೆ, ಪೊಟ್ಟಣ ಚಿಕ್ಕದು, ದರ ದೊಡ್ಡದು,
ನಾಲ್ಕು ಅಫಿಡವಿಟ್ಟಿನ ಕೂಲಿ.
ಕೊಂಡೆ. ಬಿಸಿನೀರಲ್ಲಿ ನೆನೆಸಿದೆ. ಎರಡು ತಿಂದವು.
ಮೂರನೆಯದು ಮೂಸಿ, ನನ್ನ ಮುಖ ನೋಡಿ,
ಮೇಜಿನಡಿ ಹೋಗಿ ಕೂತಿತು.

ಆದಕಾರಣ ಮೀನು ಮಾರ್ಕೆಟ್ಟು.
ಆಯುಷ್ಯದಲ್ಲಿ ಮೊದಲ ಸಲ. ವಿಭೂತಿ ಒರೆಸಿಕೊಳ್ಳಲೇ ಎಂದು
ಬಾಗಿಲಲ್ಲಿ ಯೋಚಿಸಿ, ಹಾಗೇ ಹೋದೆ.
ಭಟ್ಕಳದ ಕಡೆಯ ನಾಗವೇಣಿ ಮೊಗೇರ
ಬೂತಾಯಿ ರಾಶಿಗೆ ಐಸು ಹಾಕುತ್ತ, ಎಷ್ಟು ಜನಕ್ಕೆ ಎಂದಳು.
"ಮೂರು ಮಕ್ಕಳು."
"ವಯಸ್ಸು?"
"ಆರು ವಾರ."
ಐಸಿನ ಗಡ್ಡೆ ಕೈಯಲ್ಲೇ ಹಿಡಿದು ನಕ್ಕಳು,
ಪಕ್ಕದ ಕಟ್ಟೆಯವರಿಗೂ ಕೂಗಿ ಹೇಳಿದಳು.
ಆಮೇಲೆ ತಾನೇ ಮುಳ್ಳು ಬಿಡಿಸಿ ಕೊಟ್ಟಳು:
ಉಪ್ಪು ಬೇಡ, ಖಾರ ಬೇಡ,
ಈರುಳ್ಳಿ ಮಾತ್ರ ಹತ್ತಿರಕ್ಕೂ ತರಬೇಡಿ ಅಯ್ಯನೋರೆ,
ದಿನಾ ಇದೇ ಹಾಕಬೇಡಿ, ರುಚಿ ಹತ್ತಿದರೆ ಬೇರೆ ಮೂಸೋದಿಲ್ಲ,
ಬೇಯಿಸಿ, ಬೆರಳಿಗೆ ಬೆಚ್ಚಗಿರುವಾಗ ಹಿಸುಕಿ.

ಹಿಸುಕಿದೆ. ಬಲಗೈಯಲ್ಲಿ.
ಎಡಗೈ ಬೆನ್ನ ಹಿಂದಿತ್ತು,
ಬೆಳಗಿನ ಪೂಜೆಗೆ ಲಿಂಗ ಕೂರುವ ಅಂಗೈ ಅದು,
ನಲವತ್ತೈದು ವರ್ಷದ ರೂಢಿ.

ಆ ಮೂರನೆಯದು ಬಂತು. ತಟ್ಟೆ ಬಿಟ್ಟು ನನ್ನ ಸುತ್ತು ಹಾಕಿ
ಹಿಂದಿದ್ದ ಕೈಯನ್ನೇ ಹುಡುಕಿ
ಏನೂ ಇಲ್ಲದ ಅಂಗೈಯನ್ನು ನೆಕ್ಕಿತು,
ಅರದಂಥ ನಾಲಗೆ. ಆಮೇಲೆ ತಟ್ಟೆಗೆ ಹೋಯಿತು.
ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ.

ಮೇಲೆ ಬರೆದದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ.
ಸಕ್ಕರೆಯ ಬಾಬ್ತು ಮಾತ್ರ ತಿದ್ದುಪಡಿ:
ಎರಡು ಚಿಟಿಕೆ.