ಕೂದಲೆಳೆಯಷ್ಟು ತಡ

ಹುಬ್ಬಳ್ಳಿ ಬಸ್ಸಿನ ನೆತ್ತಿಯ ಮೇಲೆ
ಅರಬೈಲು ಘಟ್ಟ ಇಳಿದು ಬರುತ್ತಿದ್ದವು ಡಬ್ಬಿಗಳು.
ಮುಂಬಯಿಯವರು ನೋಡಿ, ಬೆಳಗಾವಿಯವರು ನೋಡಿ,
ಸವೆದು, ಗೀರು ಬಿದ್ದು, ಅಂಟಿಸಿ, ಮತ್ತೆ ಹರಿದು
ಕಾರವಾರಕ್ಕೆ ಕೊನೆಯ ಪಾಲು.
ನಾನು ರೋಹಿದಾಸ, ಟಾಕೀಸಿನ ಮೇಲುಗೂಡಿನಲ್ಲಿ
ಕಾರ್ಬನ್ ಕಡ್ಡಿ ಉರಿಸುವವನು.
ಕೆಳಗೆ ಮಡಚುವ ಕುರ್ಚಿ, ಮೇಲೆ ತಗಡಿನ ಮಾಡು,
ಹಿಂದೆ ಸಮುದ್ರ. ಉಬ್ಬರದ ದಿನ
ನಾಯಕಿ ಅತ್ತರೆ
ಯಾವ ಸದ್ದು ಯಾರದೆಂದು ತಿಳಿಯುತ್ತಿರಲಿಲ್ಲ.

ಕೋಡಿಬಾಗದ ಪಿಯೆದಾದ್ ಬಾಯಿ
ಟಿಕೆಟು ಕೊಂಡು ಹೊರಗೇ ನಿಲ್ಲುವಳು,
ಪಾವಿನ ಖಾಲಿ ಬುಟ್ಟಿ ಗೋಡೆಗೆ ಒರಗಿಸಿ.
"ಎಷ್ಟನೇ ರೀಲು?"
ಒಂಬತ್ತು, ಅನ್ನುವೆ. ಹೋಟೆಲಿನ ದೃಶ್ಯ.
ಖಳನಾಯಕ ಗ್ಲಾಸು ಎತ್ತುತ್ತಾನೆ,
ತಲೆಗೆ ಗರಿ ಸಿಕ್ಕಿಸಿಕೊಂಡವಳು ಮೆಟ್ಟಿಲು ಇಳಿಯುತ್ತಾಳೆ,
ಅವಳ ಭುಜದ ಹಿಂದೆ, ಹೊಗೆಯೊಳಗೆ, ಪಿಯಾನೊ,
ಪಿಯಾನೊದ ಹಿಂದೆ ಬಾಯಿಯ ತಮ್ಮ ಕಾಯ್ತಾನ್.
ಹನ್ನೊಂದು ಸೆಕೆಂಡು.
ನೋಡಿ, ಬುಟ್ಟಿ ಎತ್ತಿ ಹೋಗುವಳು.
ಕೊಲೆ ಮಾಡಿದ್ದು ಯಾರೆಂದು ಆಕೆಗೆ ಕೊನೆಗೂ ಗೊತ್ತಾಗಲಿಲ್ಲ.

ಒಂದರಲ್ಲಿ ಬರೀ ಬೆನ್ನು.
ಒಂದರಲ್ಲಿ, ಕನ್ನಡಿಯೊಳಗೆ, ಅರ್ಧ ಕಿವಿ.
ಒಂದರಲ್ಲಿ ಗುಂಡು ಹಾರುತ್ತದೆ, ಎಲ್ಲರೂ ಮೇಜಿನಡಿ ಸೇರಿದ ಮೇಲೆ
ಇವನು ನಿಧಾನ ಎದ್ದು, ಮುಚ್ಚಳ ಮುಚ್ಚಿ, ಅಡಗುತ್ತಾನೆ.
ಇನ್ನೊಂದರಲ್ಲಿ ಕೈಗಳು ಮಾತ್ರ:
ಮುಖ ನಾಯಕನದು, ಕಣ್ಣೀರು ನಾಯಕನದು,
ಬೆರಳು ಇವನವು.
"ಅದೋ ಕಿರುಬೆರಳು," ಅಂದಳು,
"ರಂಪಣಿಯ ಹಗ್ಗ ಸುತ್ತಿ ಮುರಿದದ್ದು.
ನಾನೇ ಅರಿಶಿನ ಕಟ್ಟಿದ್ದೆ."
ಟಾಕೀಸಿಗೆ ಟಾಕೀಸೇ ಮೂಗು ಒರೆಸಿಕೊಳ್ಳುವಾಗ
ಆಕೆಯೊಬ್ಬಳು ಒಂದು ಸೊಟ್ಟ ಬೆರಳು ನೋಡಿ ನಗುತ್ತಿದ್ದಳು.

ಒಮ್ಮೆ ಬಂತು ಸರ್ಕಾರದ ಚಿಕ್ಕ ಚಿತ್ರ,
ಆಟಕ್ಕೆ ಮುಂಚೆ ಹಾಕಲೇಬೇಕಾದದ್ದು.
ಭತ್ತದ ತಳಿ, ಅಣೆಕಟ್ಟು, ಸಿಡುಬಿನ ಚುಚ್ಚುಮದ್ದು
ಎಲ್ಲ ಮುಗಿದು ಈ ಸಲ ಮುಂಬಯಿಯ ಜಾಜ್ ಕಛೇರಿ.
ನಾಲ್ಕು ನಿಮಿಷ ಕಾಯ್ತಾನ್, ಎದುರಿನಿಂದ, ಪೂರ್ತಿ.
ಗರಿಯಿಲ್ಲ, ಗ್ಲಾಸಿಲ್ಲ, ಕೆಳಗೆ ಹೆಸರೂ ಇತ್ತು.
ಊರೆಲ್ಲ ಹೊರಗೆ ಶೇಂಗಾ ಕೊಳ್ಳುತ್ತಿತ್ತು.
ಆ ದಿನವೇ ನನ್ನ ಯಂತ್ರದ ಧ್ವನಿದೀಪ ಸುಟ್ಟಿತು.
ಓಡಿ ಇಳಿದೆ. ನಿಲ್ಲಿಸಲೇ ಬಾಯಿ?
"ಬೇಡ, ಓಡಲಿ.
ಎಡಗೈ ಈಗಲೂ ತಡ ಅವನದು.
ಇಗರ್ಜಿಯಲ್ಲಿ ಪಾದ್ರಿ ಇದಕ್ಕೇ ಹೊಡೆಯುತ್ತಿದ್ದರು,
ಉಂಡೆದ್ದ ಪಂಕ್ತಿಗೆ ಎಲೆ ಹಿಡಿದು ಬರುತ್ತೀಯಲ್ಲೋ ಎಂದು.
ಮುಂಬಯಿಯಲ್ಲಿ ಅದಕ್ಕೇ ಸಂಬಳವಂತೆ."
ತೆರೆಯ ಮೇಲೆ ಅವನು ಸದ್ದಿಲ್ಲದೆ ಬೆವರುತ್ತಿದ್ದ.
ಗೋಡೆಯಾಚೆ ಸಮುದ್ರ ತನಗೆ ತೋಚಿದ್ದು ಬಾರಿಸುತ್ತಿತ್ತು.

ಹೋಟೆಲಿನ ಚಿತ್ರ ಮತ್ತೆ ಬಂತು, ಮ್ಯಾಟಿನಿಗೆ.
ಮೂರನೆಯ ದಿನ ಆಕೆ ನೇರ ಮೆಟ್ಟಿಲು ಹತ್ತಿ
ನನ್ನ ಗೂಡಿನ ಬಾಗಿಲಲ್ಲಿ ನಿಂತಳು.
"ಕಾಯ್ತಾನ್ ಇವತ್ತು ತಾಳಕ್ಕೆ ಮುಂಚೆ ಬಂದ.
ಹುಟ್ಟುವಾಗಲೂ ಹತ್ತು ದಿನ ಕಾಯಿಸಿದವನು ಅವನು.
ಯಾರು ಕತ್ತರಿಸಿದ್ದು?"

ಪಟ್ಟಿಯಲ್ಲಿ ಧ್ವನಿ ಚಿತ್ರಕ್ಕಿಂತ ಇಪ್ಪತ್ತು ಚೌಕ ಮುಂದಿರುತ್ತದೆ,
ಕದ್ದದ್ದು ಕಣ್ಣಿಗೆ ಕಂಡರೂ ಕಿವಿಗೆ ಸಿಗದು
ಎಂದು ನನ್ನ ಲೆಕ್ಕ.
ಅಂಟಿನ ವಾಸನೆ ಇನ್ನೂ ಉಗುರಿನಲ್ಲಿತ್ತು.
ಏನು ಹೇಳಲಿ? ನನಗಾಗ ಇಪ್ಪತ್ತೆರಡು.
ಗರಿಯವಳಿಗಾಗಿ ಎತ್ತಿದ್ದೆ ಏಳು ಚೌಕ,
ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿ.

ಕೊಟ್ಟೆ.
ಬೈಯಲಿಲ್ಲ. ಕಡಲ ಕಡೆಯ ಕಿಂಡಿಗೆ ಹೋಗಿ
ಕೂರ್ಮಗಡದ ಮೇಲೆ ಜಾರುತ್ತಿದ್ದ ಬಿಸಿಲಿಗೆ ಹಿಡಿದಳು.
ನಾನೂ ಬಗ್ಗಿದೆ.
ಮುಂದೆ ಗರಿ, ಸೊಂಟ, ಮಿನುಗುವ ಚಪ್ಪಲಿ,
ನಾನು ನೂರು ಸಲ ನೋಡಿದ್ದು.
ಹಿಂದೆ, ಒಮ್ಮೆಯೂ ನೋಡದ್ದು:
ಎತ್ತಿದ ಒಂದು ಎಡಗೈ.
ಮೊದಲ ಚೌಕದಲ್ಲಿ ಮೇಲಿದೆ.
ಮೂರನೆಯದರಲ್ಲಿ ಮೇಲಿದೆ.
ಏಳನೆಯದರಲ್ಲೂ
ಇನ್ನೂ ಇಳಿದಿಲ್ಲ.